ಸೀಸದ ಕೆಲಸ ಮಾಡೋರ ರಿಜಿಸ್ಟರು: ಪದೇ ಪದೇ ಕೇಳೋ ಪ್ರಶ್ನೆಗಳು

ದಾವಣಗೆರೆ ಹತ್ರ ಒಂದು ಬ್ಯಾಟರಿ ಯೂನಿಟ್ಟಲ್ಲಿ ರಿಜಿಸ್ಟರು ಬರೆಯೋ ಕೆಲಸ ನಂದು. ಹಾಜರಿ, ಸಂಬಳ, ಇಎಸ್‌ಐ ಇವೆಲ್ಲದರ ಜೊತೆಗೆ ಸೀಸದ ಲೆಕ್ಕನೂ (ಕೆಲಸದ ಗಾಳಿಲಿ, ಕೆಲಸಗಾರರ ರಕ್ತದಲ್ಲಿ ಎಷ್ಟು ಸೀಸ ಐತೆ ಅನ್ನೋ ದಾಖಲೆ) ನನ್ನ ತಲೆ ಮೇಲೇನೆ ಬಂತು, ಯಾಕಂದ್ರೆ ಬೇರೆ ಯಾರೂ ಅದನ್ನ ಮುಟ್ಟೋಕೆ ರೆಡಿ ಇರ್ಲಿಲ್ಲ. ಈಗ ಪಿ.ಬಿ. ರೋಡಿನ ಬ್ಯಾಟರಿ ಅಂಗಡಿಯೋರು, ಹರಿಹರದ ಕಡೆ ರೇಡಿಯೇಟರ್ ಬೆಸುಗೆ ಹಾಕೋರು, ಚಿತ್ರದುರ್ಗದಿಂದ ಒಬ್ಬರು ಇಬ್ಬರು, ಫೋನ್ ಮಾಡಿ ಅವೇ ಪ್ರಶ್ನೆ ಕೇಳ್ತಾರೆ. ಎಷ್ಟು ಸಲ ಅಂತ ಹೇಳ್ಲಿ, ಅದಕ್ಕೆ ಒಂದು ಸಲ ಬರೆದು ಹಾಕಿಬಿಡಾಣ ಅಂತ ಕೂತೆ. ನಾನು ವಕೀಲನೂ ಅಲ್ಲ, ಡಾಕ್ಟರೂ ಅಲ್ಲ, ಪುಸ್ತಕ ಬರೆಯೋನು ಅಷ್ಟೆ.

ಪ್ರಶ್ನೆ: ರಿಜಿಸ್ಟರು ಬರೆದ್ರೆ ಸೀಸ ಮೈಗೆ ಹೋಗೋದು ನಿಲ್ಲುತ್ತೇನ್ರಿ? ಸುಮ್ನೆ ಪೇಪರ್ ಕೆಲಸ ಅಲ್ವಾ ಇದು?

ನಿಲ್ಲಲ್ಲ. ಅದು ನಿಲ್ಲೋದು ಫ್ಯಾನು, ಹೊಗೆ ಎಳೆಯೋ ಹುಡ್ಡು, ಸೋಪು, ಮಾಸ್ಕು ಇವುಗಳಿಂದ. ಆದ್ರೆ ಸೀಸದ ವಿಷಯದಲ್ಲಿ ಪುಸ್ತಕ ಯಾಕೆ ಬೇಕು ಅಂದ್ರೆ, ರಕ್ತ ಮರೆತುಬಿಡ್ತೈತೆ, ಮೂಳೆ ಮರೆಯಲ್ಲ. ರಕ್ತದಲ್ಲಿರೋ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧ ಆಗ್ತೈತೆ, ಮೂಳೆ ಒಳಗೆ ಸೇರ್ಕೊಂಡಿದ್ದು ಇಪ್ಪತ್ತು ಮೂವತ್ತು ವರ್ಷ ಅಲ್ಲೇ ಕೂತಿರ್ತೈತೆ. ಒಬ್ಬ ಹುಡುಗ ನಿಮ್ಮ ಹತ್ರ ಎಂಟು ವರ್ಷ ಬ್ಯಾಟರಿ ಒಳಗಿನ ಸೀಸದ ಪ್ಲೇಟು ಉಜ್ಜಿ, ಬಿಟ್ಟು ಹೋಗಿ ಊರಲ್ಲಿ ಮೆಕ್ಕೆಜೋಳ ಹಾಕ್ಕೊಂಡಿದ್ದಾನೆ ಅನ್ಕೊಳ್ರಿ, ಐದಾರು ವರ್ಷ ಆದ್ಮೇಲೆ ಬಿಪಿ, ಕಿಡ್ನಿ ತೊಂದರೆ ಅಂತ ಆಸ್ಪತ್ರೆಗೆ ಹೋದ್ರೆ ಅವನ ರಕ್ತ ಪರೀಕ್ಷೆಲಿ ಅಂಥಾ ದೊಡ್ಡ ನಂಬರೇನೂ ಬರದೇ ಇರಬಹುದು, ಡಾಕ್ಟರಿಗೆ ಸೀಸದ ಅನುಮಾನನೇ ಬರಲ್ಲ, ಅವನೂ ಹೇಳಲ್ಲ. ಅವತ್ತು ಅವನ ಪರವಾಗಿ ಮಾತಾಡೋದು ನಿಮ್ಮ ಅಂಗಡಿಯ ಹಳೇ ಪುಸ್ತಕ ಒಂದೇ. ನಿಮ್ಮ ಪರವಾಗಿ ಮಾತಾಡೋದೂ ಅದೇ, ನೀವು ಸರಿಯಾಗಿ ನಡ್ಕೊಂಡಿದ್ರೆ.

ಪ್ರಶ್ನೆ: ನಮ್ಮದು ನಾಲ್ಕೇ ಜನದ ಅಂಗಡಿ, ನಮಗೂ ಇದೆಲ್ಲಾ ಬರ್ತೈತಾ?

ಹಳೇ ಫ್ಯಾಕ್ಟರಿ ಆಕ್ಟಲ್ಲಿ ಕರೆಂಟ್ ಬಳಸಿದ್ರೆ 10 ಜನ, ಬಳಸದಿದ್ರೆ 20 ಜನ ಇದ್ರೆ ಕಾರ್ಖಾನೆ ಅಂತಿತ್ತು. ಅದರ ಬದಲು ಬಂದ 2020ರ ಹೊಸ ಕಾನೂನು, ಅಂದ್ರೆ ಹೊಸ ಕೋಡಲ್ಲಿ ಅದು 20 ಮತ್ತೆ 40 ಆಗಿದೆ. ಅದನ್ನ ಕೇಳಿ ಖುಷಿ ಪಡಬ್ಯಾಡ್ರಿ, ಅಪಾಯದ ಕೆಲಸ ಅಂತ ಸರ್ಕಾರ ನೋಟಿಫಿಕೇಶನ್ ಹೊರಡಿಸಿದ್ರೆ ಒಬ್ಬನೇ ಕೆಲಸಗಾರ ಇದ್ರೂ ಕೋಡ್ ಅನ್ವಯ ಆಗ್ತೈತೆ ಅಂತ ಅದರಲ್ಲೇ ಬರೆದಿದೆ. ಕಾನೂನು ಬರದೇ ಇದ್ರೂ ಸೀಸ ಬರ್ತೈತಲ್ರೀ, ಅದು ತಲೆ ಎಣಿಸಿ ಒಳಗೆ ಹೋಗಲ್ಲ. ನಾಲ್ಕು ಜನಕ್ಕೆ ಇನ್ನೂರು ಪುಟದ ಒಂದು ಲಾಂಗ್ ಬುಕ್ಕು ಸಾಕು.

ಪ್ರಶ್ನೆ: ಯಾವ ಕಾನೂನು ನೋಡ್ಬೇಕು? ಒಬ್ಬರು 1948 ಅಂತಾರೆ, ಒಬ್ಬರು 2020 ಅಂತಾರೆ.

ಇಬ್ಬರೂ ಹೇಳೋದ್ರಲ್ಲಿ ಅರ್ಥ ಐತೆ. ಫ್ಯಾಕ್ಟರಿ ಆಕ್ಟ್ 1948ರದ್ದು. 1984ರ ಭೋಪಾಲ್ ದುರಂತ ಆದ್ಮೇಲೆ 1987ರಲ್ಲಿ ಅದಕ್ಕೆ ಒಂದು ಅಧ್ಯಾಯ ಸೇರಿಸಿದ್ರು, ಅದರಲ್ಲಿ 41-ಸಿ ಅಂತ ಒಂದು ಸೆಕ್ಷನ್ನು. ಅಪಾಯಕಾರಿ ಪ್ರಕ್ರಿಯೆ ಇರೋ ಕಾರ್ಖಾನೆಯಲ್ಲಿ ಕೆಲಸಗಾರರ ಆರೋಗ್ಯದ ದಾಖಲೆ ಸರಿಯಾಗಿ, ಅಪ್‌ ಟು ಡೇಟ್ ಆಗಿ ಇಡ್ಬೇಕು, ಅದು ಕೆಲಸಗಾರನ ಕೈಗೂ ಸಿಗಬೇಕು, ಕೆಲಸಕ್ಕೆ ಹಾಕೋ ಮುಂಚೆ ಒಂದು ಸಲ, ಆಮೇಲೆ 12 ತಿಂಗಳು ಮೀರದಂಗೆ, ಬಿಟ್ಟ ಮೇಲೂ ವೈದ್ಯಕೀಯ ತಪಾಸಣೆ ಮಾಡಿಸ್ಬೇಕು ಅಂತ ಅದು ಹೇಳ್ತಿತ್ತು. ಬಿಟ್ಟ ಮೇಲೂ ಅನ್ನೋ ಮಾತನ್ನ ಜಾಸ್ತಿ ಜನ ಓದೇ ಇಲ್ಲ, ನಾನೂ ಎಷ್ಟೋ ದಿನ ಓದಿರ್ಲಿಲ್ಲ. 2025ರ ನವೆಂಬರ್ 21ರಿಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಕೋಡ್ 2020 ಜಾರಿಗೆ ಬಂದು ಹಳೇ ಆಕ್ಟ್ ಹೋಯ್ತು. ಆರೋಗ್ಯ ದಾಖಲೆ ಇಡೋ ಜವಾಬ್ದಾರಿ ಮಾತ್ರ ಅಲ್ಲೂ ಮುಂದುವರಿದಿದೆ. ಹಂಗಾಗಿ ಕಾನೂನು ಬದಲಾಯ್ತು ಅಂತ ಹಳೇ ಪುಸ್ತಕನ ಗುಜರಿಗೆ ಹಾಕೋ ಐಡಿಯಾ ಯಾರಿಗಾದ್ರೂ ಇದ್ರೆ ಬಿಟ್ಟುಬಿಡ್ರಿ. ಬ್ಯಾಟರಿ ಕಾರ್ಖಾನೆಗೆ ಹಳೇ ನಿಯಮಗಳ ಶೆಡ್ಯೂಲಲ್ಲಿ ಬೇರೇನೇ ತಪಾಸಣೆ ಇವೆ, ರಕ್ತದ ಸೀಸ, ಮೂತ್ರ, ಹಿಮೋಗ್ಲೋಬಿನ್, ಕೈ ನಡುಗುತ್ತಾ ಅಂತ ನೋಡೋ ಟೆಸ್ಟು ಇಂಥವು. ಯಾವ ಫಾರಂ, ಎಷ್ಟು ತಿಂಗಳಿಗೊಮ್ಮೆ ಅಂತ ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯೋರನ್ನೇ ಕೇಳಿ ಬರ್ಕೊಳ್ರಿ, ವಾಟ್ಸಾಪಲ್ಲಿ ಬಂದ ಫಾರಂ ಪ್ರಿಂಟ್ ಹಾಕ್ಬ್ಯಾಡ್ರಿ.

ಪ್ರಶ್ನೆ: 40 ವರ್ಷ ಇಡ್ಬೇಕು ಅಂತಾರಲ್ಲ, ನಿಜಾನಾ?

ಅದು ಅಮೆರಿಕದ್ದು. ಅಲ್ಲಿ ಕೆಲಸಗಾರರ ಸುರಕ್ಷತೆ ನೋಡೋ ಓಶಾ ಅಂತ ಇಲಾಖೆ ಐತೆ, ಅವರು 1978ರಲ್ಲಿ ಸೀಸಕ್ಕೆ ಅಂತಲೇ ಒಂದು ಸ್ಟ್ಯಾಂಡರ್ಡ್ ಮಾಡಿದ್ರು. ಅದರ ಪ್ರಕಾರ ಕಾರ್ಖಾನೆಲಿ ಗಾಳಿ ಪರೀಕ್ಷೆ ದಾಖಲೆ, ವೈದ್ಯಕೀಯ ದಾಖಲೆ ಎರಡನ್ನೂ 40 ವರ್ಷ, ಇಲ್ಲಾ ಆತ ಕೆಲಸ ಮಾಡಿದಷ್ಟು ವರ್ಷ ಮತ್ತೆ ಅದರ ಮೇಲೆ 20 ವರ್ಷ, ಯಾವುದು ಜಾಸ್ತಿನೋ ಅಷ್ಟು ಇಡ್ಬೇಕು. ಲೆಕ್ಕ ಹಾಕಿ ನೋಡ್ರಿ, 1995ರಲ್ಲಿ ಸೇರಿ 2030ರಲ್ಲಿ ರಿಟೈರ್ ಆದ್ರೆ 35 ವರ್ಷ ಸರ್ವಿಸು, ಅದರ ಮೇಲೆ 20 ಅಂದ್ರೆ 2050ರ ತನಕ. ಆ ಪುಸ್ತಕ ಮೊದಲು ಬರೆದೋನು ಅಷ್ಟೊತ್ತಿಗೆ ಇರ್ತಾನೋ ಇಲ್ವೋ. ಮೂಳೆಯೊಳಗಿನ ಸೀಸದ ಆಯುಸ್ಸು ನೋಡಿದ್ರೆ ಈ 40, 20 ಅನ್ನೋ ನಂಬರ್ ಜಾಸ್ತಿ ಅಂತ ನನಗೆ ಅನ್ಸಲ್ಲ. ನಮ್ಮ ಯೂನಿಟ್ಟಲ್ಲಿ ನಾನಂತೂ ಒಂದನ್ನೂ ಬಿಸಾಕಲ್ಲ ಅಂತ ಮಾಲೀಕರಿಗೆ ಹೇಳಿಬಿಟ್ಟಿದ್ದೀನಿ, ಒಂದು ಗಾಡ್ರೇಜ್ ಬೀರುನಲ್ಲಿ ಒಂದೇ ಖಾನೆ ತಾನೆ ಹಿಡಿಯೋದು.

ಪ್ರಶ್ನೆ: ಗಾಳಿ ಟೆಸ್ಟ್ ಮಾಡಿಸಿದ್ವಿ, ರಿಪೋರ್ಟ್ ಬಂತು. ಅದನ್ನ ಫೈಲಿಗೆ ಹಾಕಿದ್ರೆ ಆಯ್ತಲ್ವಾ?

ಬರೀ ರಿಪೋರ್ಟ್ ಇಟ್ರೆ ಐದು ವರ್ಷ ಬಿಟ್ಟು ನಿಮಗೇ ಅರ್ಥ ಆಗಲ್ಲ. ಗಾಳಿ ಪರೀಕ್ಷೆ ಹೆಂಗೆ ಮಾಡ್ತಾರೆ ಅಂದ್ರೆ, ಕೆಲಸಗಾರನ ಸೊಂಟಕ್ಕೆ ಒಂದು ಸಣ್ಣ ಪಂಪು ಕಟ್ಟಿ, ಪೈಪಿನ ತುದಿಲಿರೋ ಫಿಲ್ಟರನ್ನ ಕಾಲರ್ ಹತ್ರ ಸಿಗಿಸ್ತಾರೆ, ಅವನ ಮೂಗು ಎಳ್ಕೊಳ್ಳೋ ಗಾಳಿನೇ ಅದೂ ಎಳ್ಕೊಳ್ಳಿ ಅಂತ. ಪಂಪು ನಿಮಿಷಕ್ಕೆ 2 ಲೀಟರ್ ಎಳೆದ್ರೆ 480 ನಿಮಿಷಕ್ಕೆ 960 ಲೀಟರ್, ಅಂದ್ರೆ 0.96 ಘನ ಮೀಟರ್. ಲ್ಯಾಬಲ್ಲಿ ಆ ಫಿಲ್ಟರ್ ಮೇಲೆ 48 ಮೈಕ್ರೋಗ್ರಾಂ ಸೀಸ ಸಿಕ್ತು ಅಂದ್ರೆ ಭಾಗಿಸಿದಾಗ ಘನ ಮೀಟರಿಗೆ 50 ಮೈಕ್ರೋಗ್ರಾಂ. ಈಗ ಕೆಲಸ ನಡೀತಿರುವಾಗಲೇ ಪಂಪು ಮಧ್ಯ ನಿಂತುಹೋಗಿದ್ದು ಯಾರೂ ಬರೆದಿಲ್ಲ ಅನ್ಕೊಳ್ರಿ, ಓಡಿದ್ದು 400 ನಿಮಿಷನೇ, ಗಾಳಿ 0.8 ಘನ ಮೀಟರ್ ಆಯ್ತು, ಉತ್ತರ 60 ಆಗಿಹೋಯ್ತು. ಅಮೆರಿಕದ ಮಿತಿ 8 ಗಂಟೆಗೆ ಸರಾಸರಿ 50. ಒಂದು ಸಾಲು ಬರೀದೇ ಬಿಟ್ಟಿದ್ದಕ್ಕೆ ಮಿತಿ ದಾಟಿದ್ದು ದಾಟಿಲ್ಲ ಅಂತ ಆಗೋಯ್ತು ನೋಡ್ರಿ.

ನಮ್ಮ ಫ್ಯಾಕ್ಟರಿ ಆಕ್ಟಿನ ಎರಡನೇ ಶೆಡ್ಯೂಲಲ್ಲಿ ಸೀಸದ ಹೊಗೆ, ಧೂಳಿಗೆ 0.15 ಮಿಲಿಗ್ರಾಂ ಅಂತಿತ್ತು, ಅಂದ್ರೆ 150 ಮೈಕ್ರೋಗ್ರಾಂ, ಅವರಿಗಿಂತ ಮೂರು ಪಟ್ಟು ಸಡಿಲ. ಅವರಲ್ಲಿ 30 ಮುಟ್ಟಿದ್ರೇನೆ ಎಚ್ಚರಿಕೆ ಗಂಟೆ, ರಕ್ತ ಪರೀಕ್ಷೆ ಶುರು ಮಾಡ್ಬೇಕು. ಅದಕ್ಕೆ ನಾನು ಹೇಳೋದು, "ಮಿತಿಯೊಳಗೆ ಇದೆ" ಅಂತ ಷರಾ ಹಾಕ್ಬ್ಯಾಡ್ರಿ, ನಂಬರ್ ಬರೀರಿ, ಮಿತಿ ನಾಳೆ ಬದಲಾಗಬಹುದು.

ಹಾಗಾದ್ರೆ ಏನೇನು ಬರೀಬೇಕು ಅಂದ್ರೆ: ಯಾವತ್ತು, ಯಾವ ಜಾಗ, ಎಷ್ಟು ಸ್ಯಾಂಪಲ್ಲು, ಪಂಪು ಆನ್ ಆಗಿದ್ದು ಆಫ್ ಆಗಿದ್ದು, ಶುರುವಿಗೆ ಕೊನೆಗೆ ಎಷ್ಟು ಎಳೀತಿತ್ತು, ಯಾವ ವಿಧಾನದಲ್ಲಿ ಲ್ಯಾಬೋರು ಅಳೆದ್ರು, ಕಟ್ಕೊಂಡೋನು ಯಾರು, ಅವನು ಅವತ್ತು ಏನು ಕೆಲಸ ಮಾಡ್ದ, ಯಾವ ಮಾಸ್ಕ್ ಹಾಕಿದ್ದ. ಇದರ ಮೇಲೆ, ಅವತ್ತು ಹೆಂಗಿತ್ತು ಅನ್ನೋದು. ಕರೆಂಟ್ ಹೋಗಿ ಎಕ್ಸಾಸ್ಟ್ ಫ್ಯಾನ್ ನಿಂತಿತ್ತಾ, ಶಟರ್ ಪೂರ್ತಿ ತೆಗೆದಿತ್ತಾ, ಮಳೆ ಅಂತ ಇಳಿಸಿದ್ರಾ. ನಮ್ಮ ಕಡೆ ಏಪ್ರಿಲಲ್ಲಿ ಎಲ್ಲಾ ಬಾಗಿಲು ತೆಗೆದು ಕೆಲಸ ಮಾಡ್ತಾರೆ, ಜುಲೈಲಿ ಅರ್ಧ ಮುಚ್ಚಿರ್ತಾರೆ, ಒಂದೇ ಅಂಗಡಿ, ಎರಡು ಗಾಳಿ.

ಪ್ರಶ್ನೆ: ಒಬ್ಬನಿಗೆ ಪಂಪ್ ಕಟ್ಟಿ ಬಂದ ನಂಬರ್‌ನ ಎಲ್ಲರ ಹೆಸರಿಗೂ ಹಾಕ್ಬಹುದಾ?

ಅದೇ ಕೆಲಸ, ಅದೇ ಜಾಗ, ಅದೇ ಪಾಳಿ ಆಗಿದ್ರೆ ಹಾಕ್ಬಹುದು, ಆದ್ರೆ ಯಾರ್ಯಾರ ಪರವಾಗಿ ಅಂತ ಹೆಸರು ಬರೆದಿರಬೇಕು. ಸೀಸ ಕಾಯಿಸಿ ಪ್ಲೇಟು ಜೋಡಿಸೋ ಪಟ್ಟಿ (ಸ್ಟ್ರ್ಯಾಪ್) ಸುಡೋನ ನಂಬರ್ ತಗೊಂಡು ಡಿಸ್ಟಿಲ್ ವಾಟರ್ ಹಾಕೋ ಹುಡುಗನ ಮುಂದೆ ಬರೆದ್ರೆ ಅದು ಸುಳ್ಳು. ತಿರುಗಾಮುರುಗಾ ಮಾಡಿದ್ರೆ ಇನ್ನೂ ದೊಡ್ಡ ಸುಳ್ಳು.

ಪ್ರಶ್ನೆ: ರಕ್ತದ ರಿಪೋರ್ಟಲ್ಲಿ ಒಂದು ಸಲ 38, ಇನ್ನೊಂದು ಸಲ 362 ಬಂದಿದೆ, ಭಯ ಆಗ್ತಿದೆ.

ನಿಧಾನ. ಇದು ನನ್ನ ಪುಸ್ತಕದಲ್ಲೇ ಆಗಿದ್ದು, ನಮ್ಮ ಒಬ್ಬ ಕೆಲಸಗಾರ ಅಣ್ಣನ ರಿಪೋರ್ಟಲ್ಲಿ. ಮೊದಲನೇ ಸಲ ಒಂದು ಲ್ಯಾಬು, ಎರಡನೇ ಸಲ ಇನ್ನೊಂದು. ನಾನು ಪುಸ್ತಕದಲ್ಲಿ 38ರ ಪಕ್ಕ 362 ಅಂತ ಬರೆದು, ಕೈಕಾಲು ತಣ್ಣಗಾಗಿ, ಆ ಅಣ್ಣನ್ನ ಕೆಲಸದಿಂದ ಎಬ್ಬಿಸಿ, ಮಾಲೀಕರಿಗೆ ಫೋನ್ ಹಚ್ಚಿ, ಅವನ ಹೆಂಡ್ತಿ ಅಳ್ತಾ ಗೇಟಿಗೆ ಬಂದು, ಪೂರಾ ಒಂದು ದಿನದ ರಾಮಾಯಣ. ಸಂಜೆ ಡಾಕ್ಟರು ರಿಪೋರ್ಟ್ ನೋಡಿ ನಂಬರಿನ ಪಕ್ಕ ಇರೋ ಸಣ್ಣ ಅಕ್ಷರ ಓದ್ರೀ ಅಂದ್ರು. ಮೊದಲನೇದು ಡೆಸಿಲೀಟರಿಗೆ ಮೈಕ್ರೋಗ್ರಾಂ, ಎರಡನೇದು ಲೀಟರಿಗೆ ಮೈಕ್ರೋಗ್ರಾಂ. ಹತ್ತರಿಂದ ಭಾಗಿಸಿದ್ರೆ 36.2, ಅಂದ್ರೆ ಸ್ವಲ್ಪ ಇಳಿದಿತ್ತು! ಅವತ್ತಿಂದ ನಮ್ಮ ಪುಸ್ತಕದಲ್ಲಿ ನಂಬರಿಗೆ ಒಂದು ಕಾಲಂ, ಯೂನಿಟ್ಟಿಗೆ ಒಂದು ಕಾಲಂ, ಲ್ಯಾಬಿನ ಹೆಸರಿಗೆ ಒಂದು ಕಾಲಂ. 362 ಅಂತ ಬರೆದಿದ್ದನ್ನ ಒರೆಸಿಲ್ಲ, ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಮಾಡಿ, ತಾರೀಖು ಹಾಕಿ ಸಹಿ ಮಾಡಿದ್ದೀನಿ, ಈಗಲೂ ಕಾಣ್ತೈತೆ. ಹಂಗೇ ಮಾಡ್ಬೇಕು, ವೈಟ್ನರ್ ಬಳಿದ ಪುಟನ ಯಾರೂ ನಂಬಲ್ಲ.

ಇನ್ನೊಂದು ಮಾತು, ಅದು 38 ಇರ್ಲಿ 36 ಇರ್ಲಿ, ಕಮ್ಮಿ ಅಂತ ಅಲ್ಲ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದ್ರೇನೆ ಎಲ್ಲಿಂದ ಬರ್ತಿದೆ ಅಂತ ಹುಡುಕ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ.

ರಕ್ತ ಕೊಡೋ ಮುಂಚೆ ಕೈ ಸೋಪಲ್ಲಿ ಚೆನ್ನಾಗಿ ತೊಳೆಸ್ರಿ, ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಮೇಲಿನ ಧೂಳೇ ಸೇರಿ ನಂಬರ್ ಏರ್ತೈತೆ. ನರದಿಂದ ತೆಗೆದಿದ್ದಾ ಬೆರಳಿಂದಾ ಅನ್ನೋದನ್ನೂ ಬರೆದಿಡ್ರಿ.

ಪ್ರಶ್ನೆ: ರಕ್ತದಲ್ಲಿ ಜಾಸ್ತಿ ಬಂತು ಅಂತ ಒಬ್ಬನ್ನ ಪ್ಲೇಟಿನ ಕೆಲಸದಿಂದ ತೆಗೆದು ಕೌಂಟರಿಗೆ ಹಾಕಿದ್ವಿ. ಇದನ್ನೂ ಬರೀಬೇಕಾ?

ಇದನ್ನೇ ಮೊದಲು ಬರೀಬೇಕು. ಯಾವತ್ತು ತೆಗೆದ್ರಿ, ಯಾಕೆ, ಎಲ್ಲಿಗೆ ಹಾಕಿದ್ರಿ, ಯಾವತ್ತು ವಾಪಸ್ ಬಂದ, ವಾಪಸ್ ಬರುವಾಗ ರಕ್ತ ಎಷ್ಟಿತ್ತು. ಓಶಾ ನಿಯಮದಲ್ಲಿ ಇದಕ್ಕೇ ಬೇರೆ ದಾಖಲೆ ಐತೆ. ಅಲ್ಲಿ ಕಾರ್ಖಾನೆಲಿ ಒಂದು ಪರೀಕ್ಷೆಲಿ ಡೆಸಿಲೀಟರಿಗೆ 60 ಮುಟ್ಟಿ, ಮತ್ತೆ ಮಾಡಿದ ಪರೀಕ್ಷೆಲೂ ಅಷ್ಟು ಬಂದ್ರೆ, ಇಲ್ಲಾ ಸರಾಸರಿ 50 ಮುಟ್ಟಿದ್ರೆ ತೆಗೀಬೇಕು, ಮತ್ತೆ ಎರಡು ಸಲ ಬೆನ್ನುಬೆನ್ನಿಗೆ 40ಕ್ಕಿಂತ ಕೆಳಗೆ ಬಂದ್ಮೇಲೆ ವಾಪಸ್ಸು. ಮುಖ್ಯ ಏನಂದ್ರೆ ಆ ಟೈಮಲ್ಲಿ ಸಂಬಳ, ಸೀನಿಯಾರಿಟಿ 18 ತಿಂಗಳ ತನಕ ಕಮ್ಮಿ ಮಾಡೋ ಹಾಗಿಲ್ಲ. ಇದು ಯಾಕೆ ಅಂದ್ರೆ, ಸಂಬಳ ಕಟ್ ಆಗ್ತೈತೆ ಅಂದ್ರೆ ಯಾವನು ರಕ್ತ ಕೊಡೋಕೆ ಬರ್ತಾನೆ ಹೇಳ್ರಿ? ಟೆಸ್ಟಿನ ದಿನನೇ ಮದುವೆ, ತಿಥಿ ಎಲ್ಲಾ ಬಂದ್ಬಿಡ್ತವೆ. ಆಮೇಲೆ ಪುಸ್ತಕದಲ್ಲಿ ಬರೀ ಕಮ್ಮಿ ನಂಬರೇ ಉಳೀತವೆ, ಜಾಸ್ತಿ ಇರೋರು ಬಂದೇ ಇಲ್ವಲ್ಲ. ಗೈರಾದೋನ ಹೆಸರಿನ ಮುಂದೆ ಖಾಲಿ ಬಿಡಬ್ಯಾಡ್ರಿ, "ಬರಲಿಲ್ಲ" ಅಂತ ಬರೀರಿ.

ಪ್ರಶ್ನೆ: ರಿಪೋರ್ಟ್ ಅವನಿಗೆ ತೋರಿಸ್ಲೇಬೇಕಾ? ಹೆದರ್ಕೊಂಡು ಕೆಲಸ ಬಿಟ್ರೆ?

ಅಲ್ರೀ, ರಕ್ತ ಯಾರ್ದು? ತೋರಿಸ್ಲೇಬೇಕು. ಅವನ ಹೆಸರಿನ ಕಾಪಿ ಅವನಿಗೆ, ನೋಟಿಸ್ ಬೋರ್ಡಿಗೆ ಬ್ಯಾಡ. ಗಾಳಿಯ ನಂಬರ್ ಬೇಕಾದ್ರೆ ಬೋರ್ಡಿಗೆ ಹಾಕ್ರಿ.

ಪ್ರಶ್ನೆ: ಹೊಟ್ಟೆನೋವು, ಮೈಕೈ ನೋವು ಅಂತ ದಿನಾ ಹೇಳ್ತಾರೆ, ಅದನ್ನೆಲ್ಲಾ ಬರ್ಕೊಂಡು ಕೂರೋಕಾಗುತ್ತಾ?

ಆಗುತ್ತೆ. ಸೀಸದ ಹೊಟ್ಟೆನೋವು ಹಿಂಡಿದಂಗೆ ಬರ್ತೈತೆ, ಮಲಬದ್ಧತೆ, ಸುಸ್ತು, ತಲೆನೋವು, ಮುಂಗೈ ಎತ್ತೋಕೆ ಬಲ ಇಲ್ಲದಿರೋದು. ಅವರು ಹೇಳಿದ ಮಾತಲ್ಲೇ ಬರೀರಿ. "ಜನರಲ್ ವೀಕ್ನೆಸ್" ಅಂತ ನೀವೇ ಅನುವಾದ ಮಾಡಿದ್ರೆ ಡಾಕ್ಟರಿಗೆ ಏನೂ ಸಿಗಲ್ಲ. ನಮ್ಮಲ್ಲಿ ಒಬ್ಬರು "ಸ್ಪ್ಯಾನರ್ ಕೈಯಿಂದ ತಾನೇ ಜಾರ್ತೈತೆ" ಅಂದಿದ್ರು, ಹಂಗೇ ಬರೆದೆ, ಡಾಕ್ಟರು ಅದೊಂದೇ ಸಾಲು ಹಿಡ್ಕೊಂಡು ಪರೀಕ್ಷೆ ಬರೆದ್ರು.

ಪ್ರಶ್ನೆ: ನಾವು ದಿನಾ ಹಾಲು ಬೆಲ್ಲ ಕೊಡ್ತೀವಿ, ಅದು ಸಾಕಲ್ವಾ?

ಕೊಡ್ರಿ, ಒಳ್ಳೇದೇ, ಕ್ಯಾಲ್ಸಿಯಂ ಕಬ್ಬಿಣಾಂಶ ಕಮ್ಮಿ ಇರೋರ ಮೈ ಸೀಸನ ಜಾಸ್ತಿ ಹೀರ್ಕೊಳ್ತೈತೆ. ಆದ್ರೆ ಬೆಲ್ಲ ತಿಂದ್ರೆ ಒಳಗಿನ ಸೀಸ ಇಳ್ಕೊಂಡು ಹೋಗ್ತೈತೆ ಅನ್ನೋದು ಕಟ್ಟುಕಥೆ.

ಪ್ರಶ್ನೆ: ಊಟದ ಜಾಗ, ಬಟ್ಟೆ, ಸೋಪು ಇವನ್ನೂ ರಿಜಿಸ್ಟರಿಗೆ ಹಾಕ್ಬೇಕಾ?

ಕಾನೂನು ಕೇಳಿದ್ರೂ ಬಿಟ್ರೂ ಹಾಕ್ರಿ, ಯಾಕಂದ್ರೆ ಗಾಳಿ ನಂಬರ್ ಕಮ್ಮಿ, ರಕ್ತದ ನಂಬರ್ ಜಾಸ್ತಿ ಬಂದಾಗ ಉತ್ತರ ಸಿಗೋದು ಇಲ್ಲೇ. ನಮ್ಮ ಊರಿನ ಕಥೆ ಗೊತ್ತಲ್ಲ, ಸಂಜೆ ಐದಾದ್ರೆ ಮಂಡಕ್ಕಿ ಮಿರ್ಚಿ ಬರ್ಲೇಬೇಕು. ನಮ್ಮಲ್ಲಿ ಪೇಪರ್ ಹಾಸಿ, ಪ್ಲೇಟು ಉಜ್ಜೋ ಅದೇ ಬೆಂಚಿನ ಮೇಲೆ ಮಂಡಕ್ಕಿ ಸುರುವಿ, ಬೂದು ಬಣ್ಣದ ಕೈಯಲ್ಲಿ ಈರುಳ್ಳಿ ಖಾರ ಕಲಸಿ, ಐದು ಜನ ಸುತ್ತ ನಿಂತು ತಿನ್ನೋರು. ಮಂಡಕ್ಕಿ ಮೇಲೆ ಬೆರಳಿನ ಗುರುತು ಕಾಣೋದು, ನಾನು ಕಣ್ಣಾರೆ ನೋಡಿದ್ದೀನಿ, ನಾನೂ ತಿಂದಿದ್ದೀನಿ. ಮಾಸ್ಕ್ ಎಲ್ಲಾ ಸರಿಯಾಗೇ ಹಾಕ್ತಿದ್ರು, ಸೀಸ ಹೋಗ್ತಿದ್ದದ್ದು ಬಾಯಿಂದ. ಬೆಂಚು ಬಿಟ್ಟು ಹೊರಗೆ ಬೇವಿನ ಮರದ ಕೆಳಗೆ ಒಂದು ಕಲ್ಲು ಹಾಕಿಸಿ, ನಲ್ಲಿ ಪಕ್ಕ ಸೋಪಿಟ್ಟು, ಯಾವ ತಾರೀಖಿಂದ ಅಂತ ಪುಸ್ತಕದಲ್ಲಿ ಬರೆದೆ. ಮುಂದಿನ ರಕ್ತ ಪರೀಕ್ಷೆಗಳನ್ನ ಆ ತಾರೀಖಿನ ಮುಂಚೆ, ಆಮೇಲೆ ಅಂತ ಎರಡು ಭಾಗ ಮಾಡಿ ನೋಡೋಕೆ ಸಾಧ್ಯ ಆಗಿದ್ದು ಆ ಒಂದು ಸಾಲಿಂದ. ಬೀಡಿ, ಗುಟ್ಕಾದ್ದೂ ಇದೇ ಕಥೆ. ಕೆಲಸದ ಬಟ್ಟೆ ಮನೆಗೆ ಹೋಗ್ತಾವಾ ಇಲ್ಲೇ ಒಗೀತಾರಾ ಅನ್ನೋದೂ ಬರೀರಿ, ಮನೇಲಿ ನೆಲದ ಮೇಲೆ ಅಂಬೆಗಾಲಿಡೋ ಕೂಸಿದ್ರೆ ಅಪ್ಪನ ಪ್ಯಾಂಟಿನ ಧೂಳು ಮೊದಲು ಸೇರೋದು ಅದರ ಬಾಯಿಗೆ.

ಪ್ರಶ್ನೆ: ಮಾಸ್ಕ್ ರಿಜಿಸ್ಟರಲ್ಲಿ ಮೇಲಿನ ಹೆಸರಿಗೆ ಬರೆದು ಕೆಳಗೆಲ್ಲಾ ಡಿಟ್ಟೊ ಹಾಕ್ಬಹುದಾ?

ಬ್ಯಾಡ. ನನಗಿಂತ ಮುಂಚೆ ಇದ್ದೋರು ಮೂರು ತಿಂಗಳ ಪುಟ ಪೂರ್ತಿ ಡಿಟ್ಟೊ ಹಾಕಿದ್ರು, ಅದರಲ್ಲಿ ಹದಿನೈದು ದಿನ ಊರಿಗೇ ಹೋಗಿದ್ದೋನಿಗೂ ದಿನಾ ಮಾಸ್ಕ್ ಕೊಟ್ಟಂಗಿತ್ತು. ಹಾಜರಿ ಪುಸ್ತಕ ಪಕ್ಕ ಇಟ್ಟು ನೋಡಿದ ಮೇಲೆ ಉಳಿದ ಪುಟಗಳನ್ನ ಯಾರು ನಂಬ್ತಾರೆ?

ಪ್ರಶ್ನೆ: ಡಾಕ್ಟರು ಸೀಸದ ವಿಷ ಅಂತಲೇ ಬರೆದುಕೊಟ್ರೆ?

ಆಗ ಅದು ನಿಮ್ಮ ಪುಸ್ತಕದ ಒಳಗೆ ಮಾತ್ರ ಇರೋ ವಿಷಯ ಅಲ್ಲ. ಕಾನೂನಿನ ಮೂರನೇ ಶೆಡ್ಯೂಲಲ್ಲಿ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿ ಐತೆ, ಅದರಲ್ಲಿ ಮೊದಲನೇ ಹೆಸರೇ ಸೀಸದ ವಿಷ. ಮಾಲೀಕರು ಇಲಾಖೆಗೆ ನೋಟಿಸ್ ಕೊಡ್ಬೇಕು, ನೋಡಿದ ಡಾಕ್ಟರೂ ಬರೆದು ತಿಳಿಸ್ಬೇಕು. ಪರಿಹಾರದ ವಿಷಯಕ್ಕೂ ಪುಸ್ತಕ ಬೇಕಾಗ್ತೈತೆ, 1923ರ ಪರಿಹಾರ ಕಾಯ್ದೆಲಿ ಸೀಸದ ಕಾಯಿಲೆಗೆ ಒಬ್ಬನೇ ಮಾಲೀಕನ ಹತ್ರ ಬಿಡದೆ ಆರು ತಿಂಗಳು ಆ ಕೆಲಸ ಮಾಡಿರಬೇಕು ಅಂತಿತ್ತು. ಆರು ತಿಂಗಳು ಆಯ್ತೋ ಇಲ್ವೋ ಅಂತ ತೋರಿಸೋದು ಯಾವುದು? ಯಾವ ದಿನ ಯಾವ ಬೆಂಚಲ್ಲಿದ್ದ ಅನ್ನೋ ನಿಮ್ಮ ಸಾಲುಗಳೇ. ಇಎಸ್‌ಐ ಇದ್ರೆ ಅವರೂ ಇದನ್ನೇ ಕೇಳ್ತಾರೆ.

ಪ್ರಶ್ನೆ: ಗುಜರಿ ಬ್ಯಾಟರಿ ಲೆಕ್ಕನೂ ಇದೇ ಪುಸ್ತಕಕ್ಕೆ ಬರೀಲಾ?

ಬ್ಯಾಡ, ಅದು ಬೇರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮ ಅಂತ ಐತೆ, ಅದನ್ನ ನೋಡೋದು ಮಾಲಿನ್ಯ ನಿಯಂತ್ರಣ ಮಂಡಳಿ. ಅಲ್ಲಿ ಲೆಕ್ಕ ಬ್ಯಾಟರಿದು, ಇಲ್ಲಿ ಲೆಕ್ಕ ಮನುಷ್ಯಂದು.

ಪ್ರಶ್ನೆ: ಕಂಪ್ಯೂಟರಲ್ಲಿ ಇಟ್ರೆ ನಡೆಯುತ್ತಾ? ಪುಸ್ತಕ ಎಲ್ಲಿ ಇಡ್ಬೇಕು?

ಎರಡೂ ಇಡ್ರಿ. ಎಕ್ಸೆಲ್ಲು ಚೆಂದ, ಆದ್ರೆ ಯಾರು ಯಾವಾಗ ತಿದ್ದಿದ್ರು ಗೊತ್ತಾಗಲ್ಲ, ಲ್ಯಾಪ್‌ಟಾಪ್ ಹೋದ್ರೆ ಎಲ್ಲಾ ಹೋಯ್ತು. ಪ್ರತಿ ತಿಂಗಳು ಪುಟದ ಫೋಟೋ ಹೊಡೆದು ಎರಡು ಕಡೆ ಇಡ್ರಿ, ವಾಟ್ಸಾಪ್ ಗ್ರೂಪು ಬೀರು ಅಲ್ಲ. ಪುಸ್ತಕನ ಆಸಿಡ್ ರೂಮಲ್ಲಿ ಮಾತ್ರ ಇಡಬ್ಯಾಡ್ರಿ, ನಮ್ಮ ಹಳೇ ಪುಸ್ತಕದಲ್ಲಿ ಒಂದು ಹನಿ ಬಿದ್ದು ಮೂವತ್ತು ಪುಟಕ್ಕೆ ಆರಪಾರ ತೂತು, ಸರಿಯಾಗಿ ರಕ್ತದ ನಂಬರಿನ ಕಾಲಮ್ಮಲ್ಲೇ. ಅಲ್ಲಿಟ್ಟ ಪುಸ್ತಕದ ಪುಟ ತಿರುವಿದ್ರೆ ಬೆರಳಿಗೆ ಸೀಸದ ಧೂಳೂ ಹತ್ತುತ್ತೆ. ನೆಲದ ಮೇಲೂ ಬ್ಯಾಡ, ಗೆದ್ದಲು.

ಪ್ರಶ್ನೆ: ಪೆನ್ಸಿಲಲ್ಲಿ ಬರೀಬಹುದಾ?

ಬ್ಯಾಡ, ಬಾಲ್ ಪೆನ್ನು. ಪೆನ್ಸಿಲ್ ಲೆಡ್ಡಲ್ಲಿ ಲೆಡ್, ಅಂದ್ರೆ ಸೀಸ, ಇರಲ್ಲ, ಅದು ಗ್ರಾಫೈಟು, ಆ ಭಯ ಬ್ಯಾಡ. ಒರೆಸಿಬಿಡ್ತಾರೆ ಅನ್ನೋ ಭಯಕ್ಕೆ ಹೇಳಿದ್ದು.

ಪ್ರಶ್ನೆ: ಅಂಗಡಿ ಮುಚ್ತಾ ಇದ್ದೀವಿ, ಮಗ ಬೆಂಗಳೂರಲ್ಲಿ ಇದ್ದಾನೆ. ಪುಸ್ತಕ ಏನು ಮಾಡೋದು?

ಅಮೆರಿಕದಲ್ಲಿ ಆದ್ರೆ ಅಂಗಡಿ ತಗೊಂಡೋನಿಗೆ ಪುಸ್ತಕನೂ ಹೋಗ್ಬೇಕು, ತಗೊಳ್ಳೋರು ಯಾರೂ ಇಲ್ಲ ಅಂದ್ರೆ ಮೊದಲು ನಯೋಶ್ ಅನ್ನೋ ಸರ್ಕಾರಿ ಸಂಸ್ಥೆಗೆ ಕಳಿಸ್ಬೇಕಿತ್ತು, 2011ರಲ್ಲಿ ಆ ನಿಯಮ ತೆಗೆದುಬಿಟ್ರು. ಇಲ್ಲಿ ನೀವು ಮೊದಲು ಇಲಾಖೆಗೆ ಒಂದು ಪತ್ರ ಬರೆದು ಕೇಳ್ರಿ, ಸ್ವೀಕೃತಿ ತಗೊಳ್ರಿ. ಅದರ ಜೊತೆಗೆ ಪ್ರತಿಯೊಬ್ಬ ಕೆಲಸಗಾರನಿಗೂ, ಬಿಟ್ಟು ಹೋದೋರಿಗೂ, ಅವರವರ ಪುಟಗಳ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಡ್ರಿ: ಸೇರಿದ ತಾರೀಖು, ಮಾಡಿದ ಕೆಲಸ, ಗಾಳಿ ನಂಬರ್, ರಕ್ತದ ನಂಬರ್ ಯೂನಿಟ್ ಸಮೇತ, ಡಾಕ್ಟರ ಬರಹ. ಯಾವ ಆಸ್ಪತ್ರೆಗೆ ಹೋದ್ರೂ ಮೊದಲು ಇದನ್ನ ತೋರಿಸಪ್ಪ ಅಂತ ಬಾಯಲ್ಲೂ ಹೇಳ್ರಿ, ಓದೋಕೆ ಬರದೋರಿದ್ರೆ ಮನೆಯೋರನ್ನ ಕರೆದು ಹೇಳ್ರಿ. ಕೊಟ್ಟಿದ್ದಕ್ಕೆ ಸಹಿ ತಗೊಳ್ರಿ, ಹೆಬ್ಬೆಟ್ಟಾದ್ರೂ ನಡೀತೈತೆ.